ಕನ್ನಡ ಬಾರದ ನೆಂಟರೊಂದಿಗೆ ಹಚ್ಚೊಳ್ಳಿ ಸೀಮೆಗೆ

ಬಳ್ಳಾರಿಗೆ ಬಂದ ಫ್ರೆಂಚರಲ್ಲಿ ಊರಿನವರ ಬಾಯಲ್ಲಿ ಇಂದಿಗೂ ಉಳಿದಿರುವವನು ಒಬ್ಬನೇ, ಅವನ ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಹೈದರಾಲಿ ಬಳ್ಳಾರಿ ಕೋಟೆಯನ್ನು ಗೆದ್ದ ಮೇಲೆ ಅದನ್ನು ಭದ್ರಪಡಿಸಲು ಒಬ್ಬ ಫ್ರೆಂಚ್ ಎಂಜಿನಿಯರನನ್ನು ಕರೆಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರಗುಡ್ಡವೇ ಕೋಟೆಗಿಂತ ಎತ್ತರ! ಅಲ್ಲಿ ತೋಪು ಏರಿಸಿದವನಿಗೆ ಕೋಟೆ ಅಂಗೈಯಲ್ಲಿದ್ದಂತೆ. ಸಿಟ್ಟಿಗೆದ್ದ ಹೈದರ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಎನ್ನುತ್ತಾರೆ. ಕೋಟೆಯ ಪೂರ್ವದ ಬಾಗಿಲ ಹತ್ತಿರದ ಗೋರಿ ಅವನದೇ ಎಂದು ಕೆಲವರು, ಅಲ್ಲ, ಅದು ಯಾರೋ ಸಂತರದು ಎಂದು ಇನ್ನು ಕೆಲವರು. ಇಂದು ಬಳ್ಳಾರಿಗೆ ಬರುವ ಪರದೇಶಿಯ ಪಾಡು ಇದಕ್ಕಿಂತ ಎಷ್ಟೋ ವಾಸಿ.

ವಿದೇಶದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳನ್ನು, ಕನ್ನಡ ಬಾರದ ಸೊಸೆ ಅಳಿಯಂದಿರನ್ನು, ಹಂಪಿ ನೋಡಲು ಬಂದ ಆಫೀಸಿನ ಗೆಳೆಯರನ್ನು ‘ಒಂದು ಹಳ್ಳಿಯನ್ನೂ ತೋರಿಸೋಣ’ ಎಂದು ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿಗಳ ಕಡೆಗೆ ಕರೆದೊಯ್ಯುವವರಿಗಾಗಿ ಈ ಬರಹ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದನ್ನೇ: ಭಾಷೆ ಬಾರದವರನ್ನು ಅಲ್ಲಿಯ ಜನ ಹೇಗೆ ನೋಡಿಕೊಳ್ಳುತ್ತಾರೆ? ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆ ಸೀಮೆಯಲ್ಲಿ ಇಬ್ಬರ ನಡುವೆ ಮಾತು ಕೆಟ್ಟರೆ, ಬಹಳ ಸಲ ಅದನ್ನು ಕೆಡಿಸುವವರು ಮಧ್ಯೆ ನಿಂತು ಎಲ್ಲವನ್ನೂ ಅನುವಾದಿಸಲು ಹೊರಟ ನಾವು.

ಒಂದೇ ಭಾಷೆಯಲ್ಲಿ ನಡೆಯದ ಊರುಗಳು

ಹಚ್ಚೊಳ್ಳಿ ಸಿರುಗುಪ್ಪ ತಾಲ್ಲೂಕಿನ ಗಡಿ ಹೋಬಳಿ. ಆಚೆಗೆ ಆಂಧ್ರದ ಕರ್ನೂಲು ಜಿಲ್ಲೆ. ಹತ್ತಿ ಮಾರುವುದಕ್ಕೆ ಆದೋನಿ, ಹರಕೆ ತೀರಿಸುವುದಕ್ಕೆ ಮಂತ್ರಾಲಯ, ತಾಲ್ಲೂಕು ಕಚೇರಿ ಕೆಲಸಕ್ಕೆ ಸಿರುಗುಪ್ಪ, ಆಸ್ಪತ್ರೆ, ಕೋರ್ಟು ಎಂದರೆ ಬಳ್ಳಾರಿ. ಹೀಗೆ ಓಡಾಡುವವರಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ದಖ್ಖನಿ ಉರ್ದು ಎನ್ನುವುದು ದಿನದ ಅಭ್ಯಾಸ. ಒಂದೇ ಕಟ್ಟೆಯ ಮೇಲೆ ಕೂತ ಮೂವರು ಮೂರು ಭಾಷೆಯಲ್ಲಿ ಮಾತಾಡಿ, ಯಾರೂ ತಮ್ಮದನ್ನು ಬಿಡದೆ, ಎಮ್ಮೆಯ ವ್ಯಾಪಾರ ಮುಗಿಸುವುದನ್ನು ಇಲ್ಲಿ ನೋಡಬಹುದು.

ಇದು ಇತ್ತೀಚಿನದಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲೇ ಒಂದೂವರೆ ಶತಮಾನ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದದ್ದು ನಕಾಶೆಯ ಮೇಲೆ; ಬೀಗತನಗಳು ಮೊದಲಿನಂತೆಯೇ ನಡೆದವು. ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂದಾಗ ಕರಾವಳಿ ಆಂಧ್ರದ ರೈತರು ಜಮೀನು ಕೊಂಡು ಇಲ್ಲಿ ನೆಲೆನಿಂತರು. ಅವರ ವಸತಿಗಳನ್ನು ಜನ ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ. ಹೊಳೆಯಾಚೆ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೇ ಇವೆ. ಅಲ್ಲಿಯ ಮುದುಕಿಯರು ಬಂಗಾಳಿಯಲ್ಲಿ ಜಗಳವಾಡಿ ಕನ್ನಡದಲ್ಲಿ ತರಕಾರಿ ಮಾರುತ್ತಾರೆ. ಭತ್ತದ ಕೊಯ್ಲಿಗೆ ಯಂತ್ರ ತರುವ ತಮಿಳು ಚಾಲಕರು, ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರುವ ಬಿಹಾರದ ಹುಡುಗರು. ಇಂಥ ಕಡೆ ಭಾಷೆ ಬಾರದ ಮನುಷ್ಯ ಅಪರೂಪದ ಪ್ರಾಣಿಯಲ್ಲ.

ಕನ್ನಡ ಕಲಿಯದೆ ಬಂದು, ಇಲ್ಲಿಯೇ ಕಲಿತು, ಕನ್ನಡಕ್ಕೇ ದುಡಿದವರೂ ಇದ್ದಾರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನೇ ಕಟ್ಟಿದರು, 1832ರಲ್ಲಿ ಅದು ಅಚ್ಚಾಯಿತು. ಇವರಿಗೆಲ್ಲ ಪಾಠ ಹೇಳಿದ ಮುನ್ಷಿಗಳು ಎಷ್ಟು ತಾಳ್ಮೆಯವರಾಗಿದ್ದಿರಬೇಕು!

ಬಸ್ಸು ಹತ್ತುವ ಮುಂಚೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರು, ತೆಕ್ಕಲಕೋಟೆಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 150ಎ. ಮುಂಬಯಿ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಆದೋನಿಯಲ್ಲಿ ಇಳಿದು ಗಡಿ ದಾಟಿ ಬರುವುದೇ ಹತ್ತಿರ. ಆದರೆ ಅಲ್ಲಿ ಇಳಿದ ಕೂಡಲೇ ಬೋರ್ಡುಗಳು ತೆಲುಗಿನವು. ಎರಡು ಲಿಪಿಗಳ ವ್ಯತ್ಯಾಸ ಗೊತ್ತಾಗದ ಪರದೇಶದ ನೆಂಟ ತಪ್ಪು ಬಸ್ಸು ಹತ್ತಿ ಕುಳಿತಿರುತ್ತಾನೆ. ಒಬ್ಬರೇ ಬರುವವರಾದರೆ, ಹೋಗಬೇಕಾದ ಊರಿನ ಹೆಸರನ್ನು ಕನ್ನಡ, ತೆಲುಗು ಎರಡರಲ್ಲೂ ದೊಡ್ಡದಾಗಿ ಬರೆದ ಚೀಟಿಯೊಂದನ್ನು ಮೊದಲೇ ಫೋಟೊ ತೆಗೆದು ಕಳಿಸಿಬಿಡಿ. ಫೋನಿನ ಅನುವಾದದ ಆಪ್‌ಗಿಂತ ಈ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಆಪು ಪುಸ್ತಕದ ಕನ್ನಡ ಮಾತಾಡುತ್ತದೆ, ಬಸ್ ಸ್ಟ್ಯಾಂಡಿನ ಅಣ್ಣ ಸಿರುಗುಪ್ಪದ್ದು ಮಾತಾಡುತ್ತಾನೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಚೀಟಿ ತೋರಿಸಿದರೆ ಮಾತ್ರ ಒಬ್ಬರಲ್ಲ, ನಾಲ್ವರು ಸೇರಿ ಬಸ್ಸು ಹತ್ತಿಸಿ, ಕಂಡಕ್ಟರನಿಗೂ ಹೇಳಿ, ಇಳಿಯುವ ಊರು ಬಂದಾಗ ಪಕ್ಕದವರು ಭುಜ ತಟ್ಟಿ ಎಬ್ಬಿಸುತ್ತಾರೆ.

ಬಸ್ಸಿನಲ್ಲಿ ಒಂದು ಸಣ್ಣ ಗೊಂದಲ ಆಗಬಹುದು. 2023ರ ಜೂನ್ 11ರಿಂದ ನಡೆದಿರುವ ‘ಶಕ್ತಿ’ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಸುತ್ತಲಿನ ಹೆಂಗಸರೆಲ್ಲ ಸುಮ್ಮನೆ ಕೂತಿರುವಾಗ ನಿಮ್ಮ ಅತಿಥಿಯೊಬ್ಬಳಿಗೇ ದುಡ್ಡು ಕೇಳಿದರೆ ‘ಬಿಳಿಯಳೆಂದು ಸುಲಿಯುತ್ತಿದ್ದಾರೆ’ ಎಂದು ಆಕೆಗೆ ಅನ್ನಿಸುವುದು ಸಹಜ. ಮೊದಲೇ ಹೇಳಿಟ್ಟಿರಿ. ಚಿಲ್ಲರೆಯೂ ಇರಲಿ. ಇಲ್ಲಿ ಸೊಪ್ಪು ಮಾರುವವಳೂ ಫೋನಿನಲ್ಲೇ ದುಡ್ಡು ಇಸಿದುಕೊಳ್ಳುತ್ತಾಳೆ, ಹೊರದೇಶದವರ ಕೈಯಲ್ಲಿ ಆ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಐನೂರರ ನೋಟು ಹಿಡಿದರೆ ಚಹಾದಂಗಡಿಯವನು ‘ಇರ್ಲಿ ಬಿಡ್ರಿ’ ಎಂದು ಪುಕ್ಕಟೆ ಕುಡಿಸುತ್ತಾನೆ. ಅತಿಥಿಗೆ ಅದು ಸಂತೋಷ, ಅವನಿಗೆ ನಷ್ಟ.

ಮೊದಲ ಮಾತು ಯಾವುದಾಗಿರಲಿ? ಪ್ಯಾರಿಸಿನ ಅಂಗಡಿಗೆ ಹೋದವರು ‘ಬೋಂಝೂರ್’ ಎನ್ನದೆ ನೇರ ಇಂಗ್ಲಿಷಿನಲ್ಲಿ ಪ್ರಶ್ನೆ ಎಸೆದರೆ ಮುಖ ಗಂಟಿಕ್ಕುತ್ತದೆ; ಒಂದು ನಮಸ್ಕಾರ ಆದರೆ ಮುಂದಿನದು ಹೇಗೋ ಸಾಗುತ್ತದೆ ಎಂದು ಅಲ್ಲಿಗೆ ಹೋಗಿಬಂದವರೆಲ್ಲ ಹೇಳುತ್ತಾರೆ. ಹಚ್ಚೊಳ್ಳಿಯಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ, ಸರದಿ ಮಾತ್ರ ಉಲ್ಟಾ. ಅಲ್ಲಿ ಮೊದಲು ಮಾತಾಡುವುದು ಊರಿನವರು: ‘ಯಾವೂರ್ರಿ?’ ಇದಕ್ಕೆ ಉತ್ತರ ಸಿಗುವವರೆಗೆ ಬೇರೆ ಯಾವ ಪ್ರಶ್ನೆಗೂ ಸರಿಯಾದ ಉತ್ತರ ಬರುವುದಿಲ್ಲ. ಅತಿಥಿ ಎರಡು ಕೈ ಜೋಡಿಸಿ ‘ನಮಸ್ಕಾರ’ ಎಂದು, ತನ್ನ ದೇಶದ ಹೆಸರು ಹೇಳಿದರೆ ಆಯಿತು. ಜೊತೆಗೆ ಅಣ್ಣ, ಅಕ್ಕ, ಅಮ್ಮ, ತಾತ ಈ ನಾಲ್ಕನ್ನು ಕಲಿಸಿಟ್ಟರೆ ಅರ್ಧ ಊರು ಗೆದ್ದಂತೆ. ನಮ್ಮ ಮೈಸೂರು ಕಡೆಯವರಿಗೂ ಒಂದು ಮಾತು: ನಿಮ್ಮನ್ನು ಕಂಡ ಕೂಡಲೇ ಎದುರಿನವರು ತೆಲುಗಿಗೋ ಹಿಂದಿಗೋ ಹೊರಳಬಹುದು. ಅದು ಕನ್ನಡದ ಬಗ್ಗೆ ಉದಾಸೀನವಲ್ಲ, ನಿಮಗೆ ಸುಲಭವಾಗಲಿ ಎಂಬ ಉಪಕಾರ. ನೀವು ಕನ್ನಡದಲ್ಲೇ ಉತ್ತರಿಸಿದರೆ ಅವರೂ ಹಿಂದಿರುಗುತ್ತಾರೆ. ಇದಕ್ಕಾಗಿ ಮುಖ ಕೆಂಪಗೆ ಮಾಡಿಕೊಳ್ಳುವ ಬೆಂಗಳೂರಿನವರನ್ನು ನೋಡಿ ನನಗೆ ನಗು ಬಂದದ್ದುಂಟು.

ಮನೆಯೊಳಗೆ

ಹೊಸಿಲು ದಾಟುವ ಮೊದಲೇ ಕುರ್ಚಿ ಬರುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಬರುತ್ತದೆ. ‘ಬರ್ರಿ, ಕುಂದರ್ರಿ’ ಎಂದಾದ ಮೇಲೆ ತಂಬಿಗೆಯಲ್ಲಿ ನೀರು. ಇಲ್ಲಿ ಅತಿಥಿಗಳಿಗೆ ಪೇಚು ಶುರು: ಹೊಟ್ಟೆ ಕೆಟ್ಟೀತೆಂಬ ಹೆದರಿಕೆಯಿಂದ ನೀರು ಬೇಡವೆಂದರೆ ಮನೆಯವರ ಮುಖ ಸಣ್ಣಗಾಗುತ್ತದೆ. ತಂಬಿಗೆಯನ್ನು ಎರಡು ಕೈಯಲ್ಲಿ ಇಸಿದುಕೊಂಡು ಪಕ್ಕಕ್ಕಿಟ್ಟು, ಚಹಾ ಕೇಳಲಿ. ಕುದಿಸಿದ ಚಹಾದಿಂದ ಯಾರಿಗೂ ಏನೂ ಆಗುವುದಿಲ್ಲ, ಮನೆಯವರಿಗೂ ಕೊಟ್ಟ ಸಮಾಧಾನ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಪುಡಿ, ಗುರೆಳ್ಳುಪುಡಿ, ಮೊಸರು. ಸಿರುಗುಪ್ಪ ಭತ್ತದ ಸೀಮೆ, ಆದ್ದರಿಂದ ಕೊನೆಗೆ ಅನ್ನ ಇದ್ದೇ ಇರುತ್ತದೆ. ಖಾರದ ಬಗ್ಗೆ ಮುಂಚಿತವಾಗಿ ಫೋನು ಮಾಡಿ ಹೇಳುವುದು ವ್ಯರ್ಥ. ಅವರು ಕಡಿಮೆ ಮಾಡಿದ ಖಾರವೂ ನಮ್ಮ ಪಾಲಿಗೆ ಹೆಚ್ಚೇ. ಮೊಸರನ್ನು ಹತ್ತಿರ ಇಟ್ಟುಕೊಳ್ಳಿ, ಅಷ್ಟೆ. ಬೇಡವಾದಾಗ ‘ಸಾಕು’ ಎಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸುತ್ತಾರೆ. ಇದನ್ನು ಅತಿಥಿಗೆ ಕಾರಿನಲ್ಲೇ ಮಾಡಿ ತೋರಿಸಿ.

ನಾನು ಒಮ್ಮೆ ಕರೆದೊಯ್ದಿದ್ದ ಸ್ಪೇನಿನ ಹೆಂಗಸೊಬ್ಬಳು ಅಡುಗೆಮನೆಗೆ ನುಗ್ಗಿದಳು. ಒಲೆಯ ಮುಂದೆ ಮನೆಯ ಅಮ್ಮ ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ನೀರು ಸುರಿಯುವುದು, ಚಮಚದಿಂದ ಕಲಸಿ, ಬಿಸಿ ಆರುವ ಮುಂಚೆಯೇ ಅಂಗೈಯ ಬುಡದಿಂದ ನಾದುವುದು, ಒಣಹಿಟ್ಟು ಉದುರಿಸಿ ಎರಡೂ ಕೈಯಿಂದ ತಟ್ಟುತ್ತ ತಿರುಗಿಸುವುದು, ಹಂಚಿಗೆ ಹಾಕಿ ಮೇಲೆ ಒದ್ದೆಬಟ್ಟೆಯಿಂದ ನೀರು ಸವರುವುದು. ಈಕೆ ಕೈ ಚಾಚಿದಳು. ಅಮ್ಮ ಒಂದು ಉಂಡೆ ಕೊಟ್ಟರು. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿತು; ಅಮ್ಮ ಏನೂ ಅನ್ನದೆ ಅವಳ ಬೆರಳುಗಳನ್ನು ಹಿಡಿದು ಒಳಕ್ಕೆ ಬಾಗಿಸಿ ಕೂರಿಸಿದರು. ನಾನು ಬಾಗಿಲಲ್ಲಿ ನಿಂತು ಜೋಳದಲ್ಲಿ ಗೋಧಿಯ ಅಂಟಿಲ್ಲ, ಆದ್ದರಿಂದ ಲಟ್ಟಿಸಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಅಮ್ಮ ತಲೆಯೆತ್ತಿ, ‘ನೀವ್ ಹೊರಗ ಕುಂದರ್ರಿ, ಆಕಿ ಕಲೀತಾಳ’ ಎಂದರು. ಹೊರಗೆ ಬಂದು ಕೂತೆ. ಅವರಿಬ್ಬರೂ ಹೊರಬಂದದ್ದು ರೊಟ್ಟಿಬುಟ್ಟಿ ತುಂಬಿದ ಮೇಲೆಯೇ.

ಅನುವಾದ ಬೇಕಾಗುವುದು ಪ್ರಶ್ನೆಗಳ ಹೊತ್ತಿಗೆ. ಮದುವೆ ಆಗಿದೆಯಾ, ಮಕ್ಕಳೆಷ್ಟು, ಯಾಕೆ ಇಲ್ಲ, ಸಂಬಳವೆಷ್ಟು, ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ. ಇವು ಇಲ್ಲಿ ಕುಶಲಪ್ರಶ್ನೆಗಳು. ಯೂರೋಪಿನವರಿಗೆ ಪೊಲೀಸ್ ವಿಚಾರಣೆ. ಉತ್ತರವನ್ನು ನೀವೇ ಮೆದುಗೊಳಿಸಿ ಹೇಳಲು ಹೋಗಬೇಡಿ. ಕೊನೆಯ ಪ್ರಶ್ನೆಗೆ ‘ಅವರು ವೃದ್ಧಾಶ್ರಮದಲ್ಲಿದ್ದಾರೆ’ ಎಂಬ ಉತ್ತರ ಬಂದಾಗ ಜಗಲಿಯಲ್ಲಿ ಒಂದು ಕ್ಷಣ ಮೌನ ಬೀಳುತ್ತದೆ, ಬಿದ್ದರೆ ಬೀಳಲಿ. ಅತಿಥಿಯೂ ತಿರುಗಿ ಅವೇ ಪ್ರಶ್ನೆ ಕೇಳಬಹುದು ಎಂದು ಮಾತ್ರ ಹೇಳಿಕೊಡಿ. ಎಕರೆಗೆ ಎಷ್ಟು ಚೀಲ ಭತ್ತ ಬಂತು ಎಂದು ಕೇಳಿದರಂತೂ ಗೌಡರು ಗದ್ದೆಗೇ ಕರೆದುಕೊಂಡು ಹೋಗುತ್ತಾರೆ.

ಏನೇನು ತೋರಿಸಬಹುದು

ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಬಸವ ಆಳೆತ್ತರವನ್ನು ಮೀರಿದ್ದು; ವಿವರಣೆ ಬೇಕಿಲ್ಲ, ನೋಡಿದರೆ ಸಾಕು. ಸಿಂದ ಅರಸರ ರಾಜಧಾನಿಯಾಗಿದ್ದ ಊರು ಇದು. ಬಳ್ಳಾರಿ ಹತ್ತಿರದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ದನಗಳ ಚಿತ್ರಗಳಿವೆ, ಕಲ್ಲಿನಿಂದ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ಇಲ್ಲಿಯ ಶಿಲಾಯುಗದ ನೆಲೆಗಳನ್ನು ಮೊದಲಿಗೆ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟನ ಹೆಸರಿನಲ್ಲಿ ಬಳ್ಳಾರಿಯಲ್ಲಿ ವಸ್ತುಸಂಗ್ರಹಾಲಯವಿದೆ, ಗುಡ್ಡಕ್ಕೆ ಹೋಗುವ ಮುಂಚೆ ಅಲ್ಲಿಗೆ ಹೋಗಿ. ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದ್ದರು.

ನನ್ನನ್ನು ಕೇಳಿದರೆ ಬಿಡಬಾರದ್ದು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು. 1970ರ ದಶಕದಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಇಲ್ಲಿದೆ. ಬಹುತೇಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇದ್ದರೆ, ಅಶೋಕ ಎಂಬ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇದೊಂದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿಯ ದನಗಾಹಿಗಳಲ್ಲಿ ಎಷ್ಟು ಜನಕ್ಕೆ ಪಾಟಲೀಪುತ್ರದ ಚಕ್ರವರ್ತಿಯ ಮಾತು ತಿಳಿದಿತ್ತೋ! ಯಾರೋ ಅಧಿಕಾರಿ ನಿಂತು ಓದಿ, ಇನ್ಯಾರೋ ಊರ ಮಾತಿನಲ್ಲಿ ಹೇಳಿದ್ದಿರಬೇಕು.

ಗಡಿಯಾಚೆ ಮಂತ್ರಾಲಯಕ್ಕೆ ಹೋಗುವುದಾದರೆ ಮನ್ರೋ ಕಥೆಯನ್ನು ದಾರಿಯಲ್ಲಿ ಹೇಳಿ. ಮಠದ ಜಮೀನಿನ ವಿಚಾರಣೆಗೆ ಬಂದ ಇಂಗ್ಲಿಷ್ ಅಧಿಕಾರಿ ಥಾಮಸ್ ಮನ್ರೋಗೆ ರಾಘವೇಂದ್ರಸ್ವಾಮಿಗಳು ಬೃಂದಾವನದಿಂದ ಕಾಣಿಸಿಕೊಂಡು ಮಾತಾಡಿದರು, ಸುತ್ತ ನಿಂತವರಿಗೆ ಏನೂ ಕಾಣಲಿಲ್ಲ ಎಂಬ ಐತಿಹ್ಯ ಮದರಾಸಿನ ಗೆಜೆಟಿಯರಿನಲ್ಲೂ ಸೇರಿದೆ. ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿದರು ಎಂದು ಈ ಕಡೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಾಯಿದೆ, ಹೊಳೆ, ಹಬ್ಬ

ವಿದೇಶಿ ಪಾಸ್‌ಪೋರ್ಟಿನವರು ಎಲ್ಲಿ ತಂಗಿದರೂ, ಅದು ನಿಮ್ಮ ಸ್ವಂತ ಮನೆಯಾದರೂ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು. ಸಣ್ಣ ಊರಿನ ಲಾಡ್ಜಿನವರು ಇದರ ತಾಪತ್ರಯ ಬೇಡವೆಂದು ‘ರೂಮಿಲ್ಲ’ ಎನ್ನುವುದುಂಟು. ಅದನ್ನು ಅವಮಾನವೆಂದು ತಿಳಿಯಬೇಡಿ. ರಾತ್ರಿ ತಂಗಲು ಬಳ್ಳಾರಿಯೋ ಹೊಸಪೇಟೆಯೋ ಅನುಕೂಲ, ಹಗಲು ಹಳ್ಳಿ. ಹಳ್ಳಿಯ ಮನೆಯಲ್ಲೇ ಉಳಿಯುವುದಾದರೆ ಈ ನೋಂದಣಿಯನ್ನು ನೀವೇ ಕೂತು ಮಾಡಿಕೊಡಿ, ಮನೆಯವರ ತಲೆಗೆ ಕಟ್ಟಬೇಡಿ.

ತುಂಗಭದ್ರೆಯಲ್ಲಿ ಮೊಸಳೆಗಳಿವೆ. ದಂಡೆಯಲ್ಲಿ ಬಟ್ಟೆ ಒಗೆಯುವವರು ‘ಬ್ಯಾಡ್ರಿ, ಮೊಸಳಿ ಅದಾವ’ ಎಂದು ಕೂಗಿದರೆ ಈಜಲು ಇಳಿದವರು ಕೈಬೀಸಿ ನಕ್ಕು ಮುಂದೆ ಹೋಗುತ್ತಾರೆ, ಅದು ಸ್ವಾಗತ ಎಂದುಕೊಂಡು. ಇಂಥಲ್ಲಿ ದುಭಾಷಿ ಬಾಯಿ ಬಿಡಬೇಕು. ಹಗರಿ ಹೊಳೆ ತುಂಬಿ ಹರಿಯುವ ದಿನಗಳಲ್ಲಿ ಸಿರುಗುಪ್ಪದಲ್ಲಿಯೇ ದಾರಿ ವಿಚಾರಿಸಿಕೊಂಡು ಮುಂದೆ ಹೋಗಿ. ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತ.

ಹಬ್ಬಗಳಲ್ಲಿ ಮೊಹರಂ ಚೆನ್ನ. ಹಿಂದೂ ಮುಸ್ಲಿಮರೆಲ್ಲ ಸೇರಿ ಪೀರಲ ದೇವರನ್ನು ಹೊರುವ, ಅಲಾಯಿ ಕುಣಿಯುವ ಹಬ್ಬಕ್ಕೆ ಪರಊರಿನವರೆಂಬ ಭೇದವಿಲ್ಲ. ವಿಜಯದಶಮಿಯ ರಾತ್ರಿ ಗಡಿಯಾಚೆ ದೇವರಗಟ್ಟಿನ ಮಾಳಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ಮಾತ್ರ ಯಾರನ್ನೂ ಕರೆದೊಯ್ಯಬೇಡಿ. ಉತ್ಸವಮೂರ್ತಿಗಾಗಿ ಊರೂರಿನವರು ಬಡಿಗೆಗಳಲ್ಲಿ ಬಡಿದಾಡುತ್ತಾರೆ, ವರ್ಷವರ್ಷವೂ ತಲೆಗಳು ಒಡೆಯುತ್ತವೆ. ವಿಡಿಯೊ ತೆಗೆಯುತ್ತ ನಿಂತವರಿಗೂ ಬೀಳುತ್ತದೆ.

ಎಲ್ಲರಿಗೂ ಒಂದೇ ಕುರ್ಚಿಯಲ್ಲ

ಮೇಲೆ ಹೇಳಿದ ಸತ್ಕಾರ ಎಲ್ಲ ಅತಿಥಿಗಳಿಗೂ ಒಂದೇ ಸಮನಾಗಿ ಸಿಗುತ್ತದೆ ಎಂದರೆ ಸುಳ್ಳಾಗುತ್ತದೆ. ಬಿಳಿಯರಿಗೆ ಕುರ್ಚಿಯ ಜೊತೆ ಸೆಲ್ಫಿಯ ಕಾಟವೂ ಸಿಗುತ್ತದೆ. ಆಫ್ರಿಕದ ಗೆಳೆಯನನ್ನು ಕರೆದುಕೊಂಡು ಹೋದರೆ ಹುಡುಗರು ಹಿಂದಿನಿಂದ ಪಿಸುಗುಡುವುದು, ಮಕ್ಕಳು ಓಡುವುದು ಇದ್ದೇ ಇದೆ. ಮನೆಯೊಳಗೆ ಒಮ್ಮೆ ಕೂತ ಮೇಲೆ ಅದು ಕರಗುತ್ತದೆ, ಅಲ್ಲಿಯವರೆಗಿನ ಬೀದಿ ಕಷ್ಟ. ಇದನ್ನು ಮುಚ್ಚಿಡದೆ ಮೊದಲೇ ಅವನಿಗೆ ಹೇಳಿ; ಬೀದಿಯಲ್ಲಿ ಅವನ ಮುಂದೆ ಹೋಗದೆ ಪಕ್ಕದಲ್ಲೇ ನಡೆಯಿರಿ. ರೈಸ್ ಮಿಲ್ಲಿನ ಬಿಹಾರಿ ಹುಡುಗನಿಗೂ ಕನ್ನಡ ಬಾರದು. ಅವನೊಂದಿಗೆ ಎಲ್ಲರೂ ಹಿಂದಿಯಲ್ಲಿ ಮಾತಾಡುತ್ತಾರೆ, ಊಟ ಆಯಿತಾ ಎಂದೂ ಕೇಳುತ್ತಾರೆ, ಆದರೆ ಪಕ್ಕದ ಮನೆಯಿಂದ ಕುರ್ಚಿ ತರಿಸುವುದಿಲ್ಲ. ಗುಡಿಗಳಲ್ಲಿ ಗರ್ಭಗುಡಿಯ ಹತ್ತಿರ ಯಾರು ಎಲ್ಲಿಯವರೆಗೆ ಹೋಗಬಹುದು ಎಂಬುದು ಊರಿಂದೂರಿಗೆ ಬೇರೆ. ಪೂಜಾರಿಯನ್ನು ಮೊದಲೇ ಒಂಟಿಯಾಗಿ ಕೇಳಿಬಿಡಿ, ಹತ್ತು ಜನರ ಎದುರು ‘ಇಲ್ಲ’ ಎನ್ನುವ ಮುಜುಗರ ಅವರಿಗೂ ಬೇಡ. ಹೆಂಗಸರ ಫೋಟೊ ತೆಗೆಯುವ ಮುನ್ನ ಕೇಳುವುದು ಎಲ್ಲ ಕಡೆಯಂತೆ ಇಲ್ಲಿಯೂ ಮರ್ಯಾದೆ. ಕೇಳಿದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ; ಸೀರೆ ಬದಲಿಸಿ ಬರುತ್ತೇನೆ ತಡೆಯಿರಿ ಎನ್ನುತ್ತಾರೆ, ಆ ಹೊತ್ತು ಕಾಯಬೇಕು.

ಮನೆಗೆ ಏನು ತೆಗೆದುಕೊಂಡು ಹೋಗುವುದು ಎಂದು ಪರದೇಶದವರು ತಪ್ಪದೆ ಕೇಳುತ್ತಾರೆ. ದುಡ್ಡು ಬೇಡವೇ ಬೇಡ. ಬಾಳೆಹಣ್ಣು, ಮಕ್ಕಳಿಗೆ ಬಿಸ್ಕತ್ತು, ಮನೆಯ ಅಮ್ಮನಿಗೆ ಒಂದು ಕುಪ್ಪಸದ ಖಣ ಇದ್ದರೆ ಸಾಕು. ತೆಗೆದ ಫೋಟೊಗಳನ್ನು ಫೋನಿಗೆ ಕಳಿಸುವ ಜೊತೆಗೆ ನಾಲ್ಕಾದರೂ ಪ್ರಿಂಟು ಹಾಕಿಸಿ ಅಂಚೆಯಲ್ಲಿ ಕಳಿಸಿ; ವಿಳಾಸವನ್ನು ಕನ್ನಡದಲ್ಲೇ ಬರೆಯಿರಿ, ತಾಲ್ಲೂಕು ಸಿರುಗುಪ್ಪ, ಜಿಲ್ಲೆ ಬಳ್ಳಾರಿ ಎಂದು ಕಾಣಿಸಿ. ಎಷ್ಟೋ ಅತಿಥಿಗಳು ಕಳಿಸುತ್ತೇವೆಂದು ಮಾತುಕೊಟ್ಟು ಮರೆಯುತ್ತಾರೆ. ಮುಂದಿನ ಸಲ ನೀವು ಹೋದಾಗ ಮನೆಯವರು ಮೊದಲು ಕೇಳುವುದು ಅದನ್ನೇ.